ಹವಳದ ಅಕ್ವೇರಿಯಂನ ರಸಸಾರ: ಏರಿಳಿತದ ಕಾರಣಗಳು ಮತ್ತು ಲೆಕ್ಕ

ಜಿಲ್ಲೆಯ ಪೇಟೆಗಳಲ್ಲಿ ಮೀನಿನ ತೊಟ್ಟಿ ಹೊಸ ವಸ್ತುವಲ್ಲ. ಒಡವೆ ಅಂಗಡಿ, ಬಟ್ಟೆ ಅಂಗಡಿ, ಹೋಟೆಲು, ಆಸ್ಪತ್ರೆಯ ನಿರೀಕ್ಷಣಾ ಕೊಠಡಿ ಹಾಗೂ ಅನುಕೂಲಸ್ಥರ ನಡುಮನೆಗಳಲ್ಲಿ ಸಿಹಿನೀರಿನ ಅಕ್ವೇರಿಯಂ ಬಹುಕಾಲದಿಂದ ಇದೆ. ಅದರ ಮುಂದಿನ ಹೆಜ್ಜೆ ಉಪ್ಪುನೀರಿನ ತೊಟ್ಟಿ. ಕಡಲ ತಳದ ಒಂದು ತುಣುಕನ್ನೇ ಗಾಜಿನೊಳಗೆ ಇಟ್ಟಂತೆ ಕಾಣುವ ಈ ತೊಟ್ಟಿಗೆ ಹವಳ ದಿಬ್ಬದ ಅಕ್ವೇರಿಯಂ ಎಂದು ಹೆಸರು. ಸಿಹಿನೀರಿನ ತೊಟ್ಟಿ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿದರೆ, ದೀಪ, ಪಂಪು, ಉಪ್ಪು, ಶೋಧಕ ಎಲ್ಲವೂ ಸೇರಿ ಇದರ ವೆಚ್ಚ ಲಕ್ಷವನ್ನು ಮುಟ್ಟುವುದು ಸಾಮಾನ್ಯ. ಇಷ್ಟು ಹಣ ಹೂಡಿದವರು ಅದನ್ನು ಕಳೆದುಕೊಳ್ಳುವ ಬಗೆಗಳಲ್ಲಿ ತೀರ ಸಾಮಾನ್ಯವಾದುದು ರಸಸಾರವನ್ನು, ಅಂದರೆ ಪಿ.ಎಚ್. ಮಾನವನ್ನು, ತಪ್ಪಾಗಿ ಅರ್ಥೈಸಿಕೊಂಡು ಅದಕ್ಕೆ ಚಿಕಿತ್ಸೆ ಮಾಡಲು ಹೊರಡುವುದು.

ಲೆಕ್ಕಪತ್ರ ಬಲ್ಲ ವರ್ತಕರಿಗೆ ಈ ವಿಷಯವನ್ನು ಅವರ ಭಾಷೆಯಲ್ಲಿಯೇ ಹೇಳಬಹುದು. ರಸಸಾರವೆಂಬುದು ದಿನದ ಅಖೈರು ಶಿಲ್ಕು. ಜಮೆ ಮತ್ತು ಖರ್ಚುಗಳ ಬಾಬುಗಳನ್ನು ನೋಡದೆ ಶಿಲ್ಕನ್ನು ಮಾತ್ರ ಅಳಿಸಿ ಬೇರೆ ಅಂಕಿ ಬರೆದರೆ ಏನಾಗುವುದೋ, ರಸಸಾರ ಕಡಿಮೆಯಾಯಿತೆಂದು ಬಾಟಲಿಯ ಔಷಧ ಸುರಿದರೆ ಅದೇ ಆಗುತ್ತದೆ.

ಒಂದು ಉದಾಹರಣೆ

ಶಾಂತಲಾದೇವಿಯ ಹೆಸರಿನಿಂದ ಬಂದಿತೆನ್ನಲಾಗುವ ಶಾಂತಿಗ್ರಾಮವು ಬೆಂಗಳೂರು-ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಮೇಲಿದೆ. ಅಲ್ಲಿ ಹೆದ್ದಾರಿಗೆ ಮುಖಮಾಡಿ ಒಬ್ಬ ವರ್ತಕರ ಅಂಗಡಿಯೂ ಅದರ ಹಿಂದೆಯೇ ಅವರ ವಾಸದ ಮನೆಯೂ ಇದೆ ಎಂದು ಭಾವಿಸೋಣ. ನಡುಮನೆಯಲ್ಲಿ 300 ಲೀಟರಿನ ಉಪ್ಪುನೀರಿನ ತೊಟ್ಟಿ. ಕಾಲ ಡಿಸೆಂಬರ್, ಚಳಿಗೆ ಕಿಟಕಿಗಳೆಲ್ಲ ಮುಚ್ಚಿವೆ. ಬೆಳಗ್ಗೆ ಆರು ಗಂಟೆಗೆ ಅಳೆದಾಗ ರಸಸಾರ 7.8. ಪುಸ್ತಕಗಳಲ್ಲಿ 8.1ರಿಂದ 8.4 ಇರಬೇಕೆಂದಿದೆ. ಗಾಬರಿಗೊಂಡ ವರ್ತಕರು ರಸಸಾರ ಏರಿಸುವ ಬಾಟಲಿಯನ್ನು ತರಿಸಿ ಒಂದು ಮುಚ್ಚಳ ಹಾಕುತ್ತಾರೆ. ಒಂದು ಗಂಟೆಯಲ್ಲಿ ಅಂಕಿ 8.1 ಆಗುತ್ತದೆ, ಮನಸ್ಸಿಗೆ ಸಮಾಧಾನ. ಮರುದಿನ ಬೆಳಗ್ಗೆ ಮತ್ತೆ 7.8. ಮತ್ತೆ ಒಂದು ಮುಚ್ಚಳ.

ಇದು ಹದಿನೈದು ದಿನ ನಡೆದರೆ ಬೆಳಗಿನ ಅಂಕಿ ಕಷ್ಟಪಟ್ಟು 8ರ ಆಸುಪಾಸಿಗೆ ಬಂದೀತು. ಆದರೆ ಯಾರೂ ಅಳೆಯದ ಇನ್ನೊಂದು ಅಂಕಿ, ನೀರಿನ ಕ್ಷಾರತೆ, 8 ಡಿಗ್ರಿಯಿಂದ 13 ಡಿಗ್ರಿಗೆ ಏರಿರುತ್ತದೆ. ಆ ಮಟ್ಟದಲ್ಲಿ ನೀರಿನೊಳಗಿನ ಸುಣ್ಣಾಂಶವು ಕರಗಿ ನಿಲ್ಲಲಾರದೆ ಹೀಟರಿನ ಮೇಲೆ, ಪಂಪಿನ ರೆಕ್ಕೆಯ ಮೇಲೆ ಬಿಳಿಯ ಪದರವಾಗಿ ಕೂರತೊಡಗುತ್ತದೆ. ಪಂಪು ನಿಧಾನವಾಗುತ್ತದೆ, ನೀರಿನ ಓಟ ತಗ್ಗುತ್ತದೆ, ಜೀವಿಗಳು ಮುದುಡಿಕೊಳ್ಳುತ್ತವೆ. ಔಷಧದಲ್ಲಿ ದೋಷವಿರಲಿಲ್ಲ. ರೋಗ ತೊಟ್ಟಿಯಲ್ಲಿ ಇರಲೇ ಇಲ್ಲ. ಅದು ಇದ್ದುದು ಕೋಣೆಯ ಗಾಳಿಯಲ್ಲಿ.

ರಸಸಾರ ಎಂದರೆ ಏನು?

ಈ ಮಾಪನವು ಹುಟ್ಟಿದ್ದು ಒಂದು ಉದ್ಯಮದ ಪ್ರಯೋಗಾಲಯದಲ್ಲಿ ಎಂಬುದು ತಯಾರಕರಿಗೆ ಆಸಕ್ತಿಯ ಸಂಗತಿಯಾದೀತು. ಡೆನ್ಮಾರ್ಕಿನ ಕೋಪನ್ ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಸೋರೆನ್‌ಸೆನ್ ಎಂಬ ರಸಾಯನ ವಿಜ್ಞಾನಿ 1909ರಲ್ಲಿ ಇದನ್ನು ರೂಪಿಸಿದರು. 7 ಎಂಬುದು ತಟಸ್ಥ. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ನಿಂಬೆರಸ 2ರ ಸಮೀಪ, ಹಸುವಿನ ಹಾಲು 6.7ರ ಆಸುಪಾಸು, ತೆರೆದ ಸಮುದ್ರದ ಮೇಲ್ಮೈ ನೀರು ಸುಮಾರು 8.1, ಸುಣ್ಣದ ತಿಳಿನೀರು 12.4. ಸಕಲೇಶಪುರ, ಬೇಲೂರಿನ ಕಾಫಿ ಬೆಳೆಗಾರರಿಗೆ ಇದು ಹೊಸದಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರದ ಕಲಂ ನೋಡಿಯೇ ಅವರು ತೋಟಕ್ಕೆ ಸುಣ್ಣ ಹಾಕಿಸುತ್ತಾರೆ.

ಒಂದು ಎಚ್ಚರಿಕೆ ಅಗತ್ಯ. ಇದು ಸಾಮಾನ್ಯ ಅಳತೆಗೋಲಿನಂತೆ ಸಮ ಅಂತರದ ಮಾಪನವಲ್ಲ. ಒಂದು ಪೂರ್ಣ ಅಂಶ ಇಳಿದರೆ ಆಮ್ಲದ ಅಂಶ ಹತ್ತು ಪಟ್ಟಾಗುತ್ತದೆ, 0.3 ಇಳಿದರೆ ಎರಡು ಪಟ್ಟು, 0.1 ಇಳಿದರೂ ನೂರಕ್ಕೆ 26ರಷ್ಟು ಹೆಚ್ಚಳ. ಆದುದರಿಂದ 8.1 ಮತ್ತು 7.8ರ ನಡುವಿನ ವ್ಯತ್ಯಾಸವನ್ನು ಮೂರು ಪೈಸೆಯ ವ್ಯತ್ಯಾಸವೆಂದು ತಳ್ಳಿಹಾಕುವಂತಿಲ್ಲ.

ಗಾಳಿಯೇ ಮೊದಲ ಬಾಬು

ಶಾಲೆಯಲ್ಲಿ ಎಲ್ಲರೂ ಮಾಡಿದ ಪ್ರಯೋಗವೊಂದಿದೆ. ಸುಣ್ಣದ ತಿಳಿನೀರಿಗೆ ಕೊಳವೆಯ ಮೂಲಕ ಬಾಯಿಯಿಂದ ಊದಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಅನಿಲವು ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗಿ ಸುಣ್ಣದೊಡನೆ ಕೂಡುವುದೇ ಇದಕ್ಕೆ ಕಾರಣ. ಅಕ್ವೇರಿಯಂನಲ್ಲಿ ಹಗಲಿರುಳೂ ನಡೆಯುವುದು ಇದೇ ವ್ಯವಹಾರ. ನೀರಿನ ಮೇಲಿರುವ ಗಾಳಿಯಲ್ಲಿ ಈ ಅನಿಲ ಎಷ್ಟಿದೆಯೋ ಅದಕ್ಕೆ ತಕ್ಕಂತೆ ನೀರು ಅದನ್ನು ಹೀರಿಕೊಳ್ಳುತ್ತದೆ ಅಥವಾ ಹೊರಬಿಡುತ್ತದೆ. ಹೀರಿಕೊಂಡರೆ ರಸಸಾರ ಇಳಿಯುತ್ತದೆ, ಬಿಟ್ಟರೆ ಏರುತ್ತದೆ.

ಹೊರಗಿನ ಗಾಳಿಯಲ್ಲಿ ಈಗ ಹತ್ತು ಲಕ್ಷ ಭಾಗಕ್ಕೆ 420 ಭಾಗಕ್ಕಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಇದೆ. ಮುಚ್ಚಿದ ಕೋಣೆಯ ಸ್ಥಿತಿ ಬೇರೆ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಹಿಡಿಸುವ ಗಾಳಿ ಸುಮಾರು 40,000 ಲೀಟರ್. ನಿದ್ರಿಸುತ್ತಿರುವ ಒಬ್ಬ ವಯಸ್ಕರು ಗಂಟೆಗೆ 12ರಿಂದ 15 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. ಇಬ್ಬರು ಮಲಗಿದರೆ, ಗಾಳಿಯಾಡದ ಪಕ್ಷದಲ್ಲಿ, ಒಂದೇ ಗಂಟೆಗೆ ಹತ್ತು ಲಕ್ಷಕ್ಕೆ ಸುಮಾರು 700 ಭಾಗ ಸೇರ್ಪಡೆಯಾಯಿತು. 420 ಇದ್ದುದು ಸಾವಿರದ ನೂರನ್ನು ದಾಟಿತು. ಬಾಗಿಲ ಸಂದುಗಳಿಂದ ಅಷ್ಟಿಷ್ಟು ಗಾಳಿ ಓಡಾಡುವುದರಿಂದ ಅಂಕಿ ಇದೇ ವೇಗದಲ್ಲಿ ಏರುತ್ತ ಹೋಗುವುದಿಲ್ಲ; ಆದರೂ ಮುಚ್ಚಿದ ಮನೆಯೊಳಗೆ ಬೆಳಗಿನ ಜಾವಕ್ಕೆ ಸಾವಿರ ದಾಟುವುದು ಆಶ್ಚರ್ಯವಲ್ಲ. ಇದರ ಮೇಲೆ ಅಡಿಗೆಯ ಗ್ಯಾಸ್ ಒಲೆ. ದೇವರ ಮನೆಯ ದೀಪದ ಪಾಲು ತೀರ ಅಲ್ಪ. ಅದನ್ನು ಆರಿಸಬೇಕಾದ ಅಗತ್ಯವಿಲ್ಲ.

ಕ್ಷಾರತೆ ಸ್ಥಿರವಾಗಿದ್ದು ಗಾಳಿಯ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಸಮುದ್ರದ ನೀರಿನ ರಸಸಾರ ಸುಮಾರು 0.3ರಷ್ಟು ಇಳಿಯುತ್ತದೆ. ಉದಾಹರಣೆಯ ವರ್ತಕರ ತೊಟ್ಟಿ 8.1ರಿಂದ 7.8ಕ್ಕೆ ಬಂದ ಗುಟ್ಟು ಇಷ್ಟೇ. ಬೇಸಿಗೆಯಲ್ಲಿ ಕಿಟಕಿ ತೆರೆದಿದ್ದಾಗ ಇಲ್ಲದ ಈ ತೊಂದರೆ ಮಳೆಗಾಲದಲ್ಲಿ ಮತ್ತು ಚಳಿಗಾಲದಲ್ಲಿ ಕಾಣಿಸಿಕೊಳ್ಳುತ್ತದೆ; ಹವಾನಿಯಂತ್ರಿತ ಮಳಿಗೆಗಳಲ್ಲಿ ವರ್ಷವಿಡೀ ಇರುತ್ತದೆ.

ಇಲ್ಲಿ ಜಗತ್ತಿನ ಮಾತು ಬರುವುದು ಸಹಜ. ಕೈಗಾರಿಕಾ ಯುಗಕ್ಕೆ ಮೊದಲು ವಾತಾವರಣದಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 280 ಭಾಗವಿತ್ತು. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಆರಂಭಿಸಿದ ಅಳತೆಯು ಅದರ ಏರಿಕೆಯನ್ನು ವರ್ಷದಿಂದ ವರ್ಷಕ್ಕೆ ದಾಖಲಿಸಿದೆ. ಸಮುದ್ರದ ಮೇಲ್ಮೈಯ ಸರಾಸರಿ ರಸಸಾರವೂ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಹವಳಗಳು ಸುಣ್ಣದ ಗೂಡು ಕಟ್ಟುವ ಕೆಲಸ ಇದರಿಂದ ಕಷ್ಟವಾಗುತ್ತದೆ ಎಂಬ ಆತಂಕ ವಿಜ್ಞಾನಿಗಳದು. ಮುಚ್ಚಿದ ನಡುಮನೆಯ ತೊಟ್ಟಿಯು ಇಡೀ ಜಗತ್ತಿನ ಕಡಲು ಇನ್ನೂ ತಲುಪದ ಗಾಳಿಯನ್ನು ಪ್ರತಿರಾತ್ರಿ ಉಸಿರಾಡುತ್ತಿರುತ್ತದೆ.

ಹಾಸನದ ಪ್ರದೇಶವು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಇದರಿಂದ ರಸಸಾರಕ್ಕೆ ಆಗುವ ಲಾಭ 0.05ನ್ನೂ ಮುಟ್ಟದು. ಆದರೆ ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಪಾಲು ಕಡಿಮೆಯಾಗುವುದರಿಂದ ನೀರನ್ನು ಚೆನ್ನಾಗಿ ಕದಡುವ ಪಂಪು ಇಲ್ಲಿ ಕರಾವಳಿಗಿಂತ ಹೆಚ್ಚು ಅಗತ್ಯ.

ಹಗಲಿನ ಜಮೆ, ರಾತ್ರಿಯ ಖರ್ಚು

ಎರಡನೆಯ ಕಾರಣ ತೊಟ್ಟಿಯ ಒಳಗೇ ಇದೆ. ದೀಪ ಉರಿಯುವಾಗ ಪಾಚಿಗಳೂ, ಹವಳದ ಒಡಲಲ್ಲಿ ವಾಸಿಸುವ ಸೂಕ್ಷ್ಮ ಪಾಚಿಗಳೂ ಇಂಗಾಲದ ಡೈಆಕ್ಸೈಡನ್ನು ಬಳಸಿ ಆಹಾರ ತಯಾರಿಸುತ್ತವೆ, ರಸಸಾರ ಏರುತ್ತದೆ. ದೀಪ ಆರಿದ ಮೇಲೆ ಮೀನು, ಪಾಚಿ, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡುತ್ತವೆಯೇ ಹೊರತು ಬಳಸುವವರಿಲ್ಲ, ರಸಸಾರ ಇಳಿಯುತ್ತದೆ. ಆರೋಗ್ಯವಂತ ತೊಟ್ಟಿಯಲ್ಲಿಯೂ ಬೆಳಗಿನ ಜಾವಕ್ಕೂ ಸಂಜೆಗೂ 0.2ರಿಂದ 0.4ರ ಅಂತರವಿರುತ್ತದೆ. ಬೆಳಗ್ಗೆ 7.9, ಸಂಜೆ 8.3 ಎಂದಿದ್ದರೆ ಚಿಂತೆ ಬೇಡ. ಒಂದು ದಿನ ಬೆಳಗ್ಗೆ, ಇನ್ನೊಂದು ದಿನ ಸಂಜೆ ಅಳೆದು ಎರಡನ್ನೂ ಹೋಲಿಸಿ ಗಾಬರಿಪಡುವುದು ಮಾರ್ಚ್ ತಿಂಗಳ ಶಿಲ್ಕನ್ನು ಜೂನ್ ತಿಂಗಳ ಶಿಲ್ಕಿನೊಡನೆ ಹೋಲಿಸಿದಂತೆ.

ಈ ಇಳಿತವನ್ನು ತಗ್ಗಿಸಲು ಒಂದು ಜಾಣ ಉಪಾಯವಿದೆ. ಪ್ರದರ್ಶನದ ತೊಟ್ಟಿಯ ಕೆಳಗೆ ಚಿಕ್ಕ ತೊಟ್ಟಿಯೊಂದರಲ್ಲಿ ಹಸಿರು ಕಡಲಪಾಚಿ ಬೆಳೆಸಿ, ಅದಕ್ಕೆ ರಾತ್ರಿ ಮಾತ್ರ ದೀಪ ಹಾಕುವುದು. ಮೇಲಿನ ಪಾಳಿ ಮುಗಿದಾಗ ಕೆಳಗಿನ ಪಾಳಿ ಆರಂಭವಾಗುತ್ತದೆ.

ಒಂದು ಲೋಟ ನೀರಿನ ಪರೀಕ್ಷೆ

ಕಾರಣ ಗಾಳಿಯೋ ಅಥವಾ ನೀರೋ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಬೆಳಗ್ಗೆ ತೊಟ್ಟಿಯಿಂದ ಒಂದು ದೊಡ್ಡ ಲೋಟ ನೀರು ತೆಗೆದು ರಸಸಾರವನ್ನು ಬರೆದಿಟ್ಟುಕೊಳ್ಳಬೇಕು. ಅದನ್ನು ಹಿತ್ತಿಲಿಗೆ ಒಯ್ದು, ಮೀನಿನ ತೊಟ್ಟಿಯ ಚಿಕ್ಕ ಗಾಳಿ ಪಂಪಿನಿಂದ ಒಂದು ಗಂಟೆ ಕಾಲ ಗುಳ್ಳೆ ಹಾಯಿಸಿ ಮತ್ತೆ ಅಳೆಯಬೇಕು. ಅಂಕಿ ಗಮನಾರ್ಹವಾಗಿ ಏರಿದರೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿತ್ತೆಂದು ಅರ್ಥ. ಬಳಿಕ ಇನ್ನೊಂದು ಲೋಟ ನೀರಿಗೆ ಇದೇ ಕೆಲಸವನ್ನು ಮನೆಯೊಳಗೆ, ತೊಟ್ಟಿಯ ಪಕ್ಕದಲ್ಲಿಯೇ ಮಾಡಬೇಕು. ಒಳಗೆ ಗುಳ್ಳೆ ಹಾಯಿಸಿದಾಗಲೂ ಏರಿದರೆ ಮನೆಯ ಗಾಳಿ ಸರಿಯಿದೆ, ತೊಟ್ಟಿಯ ನೀರಿಗೆ ಗಾಳಿಯ ಸಂಪರ್ಕ ಸಾಲದು. ಹೊರಗೆ ಏರಿ ಒಳಗೆ ಏರದಿದ್ದರೆ ಮನೆಯ ಗಾಳಿಯೇ ಅಪರಾಧಿ. ಎರಡೂ ಕಡೆ ಏರದಿದ್ದರೆ ಕ್ಷಾರತೆಯನ್ನು ಅಳೆಯಬೇಕು. ಲೆಕ್ಕ ಪರಿಶೋಧನೆಯಲ್ಲಿಯೂ ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆ ಅಪರೂಪ.

ಕ್ಷಾರತೆ ಎಂಬ ಮೀಸಲು ನಿಧಿ

ನೀರಿಗೆ ಆಮ್ಲ ಸೇರಿದಾಗ ಅದನ್ನು ತಡೆದುಕೊಳ್ಳುವ ಶಕ್ತಿಗೆ ಕ್ಷಾರತೆ ಎಂದು ಹೆಸರು. ಕಡಲ ನೀರಿನಲ್ಲಿ ಇದರ ಬಹುಪಾಲು ಬೈಕಾರ್ಬೊನೇಟ್. ಹವ್ಯಾಸಿಗಳು ಇದನ್ನು ಜರ್ಮನ್ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಸಮುದ್ರದಲ್ಲಿ ಇದು 6.5 ಅಥವಾ 7 ಡಿಗ್ರಿ. ತೊಟ್ಟಿಯಲ್ಲಿ 7ರಿಂದ 11ರೊಳಗೆ ಇರಿಸುವುದು ವಾಡಿಕೆ. ರಸಸಾರವನ್ನು ಅಖೈರು ಶಿಲ್ಕು ಎಂದರೆ ಕ್ಷಾರತೆಯು ಮೀಸಲು ನಿಧಿ. ನಿಧಿ ಗಟ್ಟಿಯಾಗಿದ್ದರೆ ಒಂದು ದಿನದ ನಷ್ಟಕ್ಕೆ ಸಂಸ್ಥೆ ಕುಸಿಯುವುದಿಲ್ಲ.

ಈ ನಿಧಿಯನ್ನು ಕರಗಿಸುವ ಬಾಬುಗಳು ಎರಡು. ಮೊದಲನೆಯದು ಸುಣ್ಣದ ಗೂಡು ಕಟ್ಟುವ ಜೀವಿಗಳು. ಹವಳ ಮಾತ್ರವಲ್ಲ, ಕಲ್ಲಿನ ಮೇಲೆ ಗುಲಾಬಿ ಬಣ್ಣದ ಪದರವಾಗಿ ಬೆಳೆಯುವ ಸುಣ್ಣದ ಪಾಚಿಯೂ ಬೈಕಾರ್ಬೊನೇಟನ್ನು ಬಳಸುತ್ತದೆ. ಆ ಕ್ರಿಯೆಯಲ್ಲಿಯೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ರಸಸಾರವನ್ನು ಮತ್ತಷ್ಟು ಕೆಳಗೆ ಎಳೆಯುತ್ತದೆ. ಎರಡನೆಯದು ಅತಿಯಾದ ಆಹಾರ. ಮೀನಿನ ಮಲಮೂತ್ರ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಪರಿವರ್ತಿಸುವಾಗ ಆಮ್ಲ ಉತ್ಪತ್ತಿಯಾಗುತ್ತದೆ. 1 ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಗ್ರಾಂ ಸುಣ್ಣದ ಕಲ್ಲಿಗೆ ಸಮನಾದ ಕ್ಷಾರತೆ ವ್ಯಯವಾಗುತ್ತದೆ. ಅಂಗಡಿಗೆ ಬಂದ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕಿ ಸಂತೋಷಪಡುವುದಕ್ಕೆ ಬೆಲೆ ಇದು.

ನಿಧಿಗೆ ಮರುಭರ್ತಿ ಮಾಡುವ ಲೆಕ್ಕ ಸರಳ. 300 ಲೀಟರ್ ನೀರಿನಲ್ಲಿ ಕ್ಷಾರತೆಯನ್ನು 1 ಡಿಗ್ರಿ ಏರಿಸಲು ಶುದ್ಧ ಅಡಿಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, 9 ಗ್ರಾಂ ಸಾಕು. ಇದರಿಂದ ರಸಸಾರ ಕೂಡಲೇ ಏರುವುದಿಲ್ಲ, ಒಂದಿಷ್ಟು ಇಳಿದರೂ ಇಳಿಯಬಹುದು, ಗಾಬರಿ ಬೇಡ. ನೀರಿಲ್ಲದ ಶುದ್ಧ ಸೋಡಿಯಂ ಕಾರ್ಬೊನೇಟ್ ಬಳಸಿದರೆ 5.7 ಗ್ರಾಂ ಸಾಕಾಗುತ್ತದೆ, ರಸಸಾರವೂ ಏರುತ್ತದೆ. ಪೇಟೆಯ ಬಟ್ಟೆ ಸೋಡಾದ ಶುದ್ಧತೆಗೆ ಖಾತರಿಯಿಲ್ಲದ ಕಾರಣ ಅದನ್ನು ಬಳಸಬಾರದು. ಬಾಟಲಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಅನೇಕ ಮಿಶ್ರಣಗಳ ಮುಖ್ಯ ಸರಕು ಈ ಎರಡೇ ಲವಣಗಳು.

ಸುಣ್ಣದ ತಿಳಿನೀರು

ಮನೆಯ ಗಾಳಿಯನ್ನು ಪೂರ್ತಿ ಸರಿಪಡಿಸಲಾಗದ ಕಡೆ ನೆರವಿಗೆ ಬರುವುದು ಎಲೆ ಅಡಿಕೆ ಹಾಕುವವರಿಗೆಲ್ಲ ಪರಿಚಿತವಾದ ಸುಣ್ಣ. ಜರ್ಮನಿಯ ಹವ್ಯಾಸಿಗಳು ಬಳಕೆಗೆ ತಂದುದರಿಂದ ಜಗತ್ತಿನಾದ್ಯಂತ ಇದಕ್ಕೆ ‘ಕಾಲ್ಕ್‌ವಾಸರ್’ ಎಂಬ ಜರ್ಮನ್ ಹೆಸರೇ ನಿಂತಿದೆ. ಅರ್ಥ ಸುಣ್ಣದ ನೀರು ಎಂದಷ್ಟೇ. ಇದು ನೀರಿನಲ್ಲಿರುವ ಹೆಚ್ಚುವರಿ ಇಂಗಾಲದ ಡೈಆಕ್ಸೈಡನ್ನು ಹಿಡಿದು ಬೈಕಾರ್ಬೊನೇಟ್ ಆಗಿ ಪರಿವರ್ತಿಸುತ್ತದೆ. ಜೊತೆಗೆ ಕ್ಯಾಲ್ಸಿಯಂ ಕೂಡ ಒದಗಿಸುತ್ತದೆ. ಸಾಲಗಾರನನ್ನೇ ಪಾಲುದಾರನನ್ನಾಗಿ ಮಾಡಿಕೊಂಡಂತೆ.

300 ಲೀಟರಿನ ತೊಟ್ಟಿಯಿಂದ ದಿನಕ್ಕೆ 3 ಲೀಟರ್ ನೀರು ಆವಿಯಾಗುತ್ತದೆ ಎಂದಿಟ್ಟುಕೊಂಡರೆ, ಆ 3 ಲೀಟರನ್ನು ಪೂರ್ಣ ಕರಗಿದ ಸುಣ್ಣದ ತಿಳಿನೀರಿನಿಂದ ತುಂಬಿದಾಗ ದಿನಕ್ಕೆ 1 ಡಿಗ್ರಿಗಿಂತ ತುಸು ಹೆಚ್ಚು ಕ್ಷಾರತೆ ಮತ್ತು ಹತ್ತು ಲಕ್ಷಕ್ಕೆ ಸುಮಾರು 8 ಭಾಗ ಕ್ಯಾಲ್ಸಿಯಂ ಸೇರುತ್ತದೆ. ಸಾಧಾರಣ ತೊಟ್ಟಿಗೆ ಇದು ಧಾರಾಳ. ಎಷ್ಟೋ ವೇಳೆ ಇದರ ಅರ್ಧ ಸಾಕು. ಆದರೆ ಇದನ್ನು ಆಸ್ಪತ್ರೆಯ ಡ್ರಿಪ್‌ನಂತೆ ರಾತ್ರಿಯಿಡೀ ಹನಿಹನಿಯಾಗಿ ಬಿಡಬೇಕು. ಅವಸರಕ್ಕೆ 3 ಲೀಟರನ್ನೂ ಒಮ್ಮೆಲೇ ಸುರಿದರೆ ರಸಸಾರ ಸುಮಾರು ಅರ್ಧ ಅಂಶ ಜಿಗಿಯುತ್ತದೆ. ಹಲವು ವರ್ಷಗಳ ಸಾಕಣೆ ಒಂದು ಬೆಳಗಿನಲ್ಲಿ ಮುಗಿಯಬಹುದು. ತಳದಲ್ಲಿ ಕೂತ ಗಸಿಯನ್ನು ಸೇರಿಸದೆ ಮೇಲಿನ ತಿಳಿಯನ್ನು ಮಾತ್ರ ಬಳಸಬೇಕು. ಪಾತ್ರೆಗೆ ಮುಚ್ಚಳವಿರಬೇಕು, ಇಲ್ಲವಾದರೆ ಗಾಳಿ ತಗುಲಿ ಮೇಲೆ ಕೆನೆ ಕಟ್ಟಿ ಸತ್ವ ಕಳೆದುಕೊಳ್ಳುತ್ತದೆ. ಎಲೆ ಅಡಿಕೆಯ ಡಬ್ಬಿಯ ಸುಣ್ಣ ಇದಕ್ಕೆ ಸಲ್ಲದು. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನೇ ಕೊಳ್ಳಬೇಕು. ಕೈಗೆ ಗವಸು, ಕಣ್ಣಿಗೆ ರಕ್ಷಣೆ ಅಗತ್ಯ.

ನೀರು ಎಲ್ಲಿಂದ ತರುವುದು?

ಕೊಳವೆಬಾವಿಯ ಗಡಸು ನೀರಿನ ಪರಿಚಯ ಗೀಸರಿನ ಒಳಗೆ ಬಿಳಿಯ ಪದರ ಕಂಡವರಿಗೆಲ್ಲ ಉಂಟು. ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂಬುದು ಬಾವಿಯಿಂದ ಬಾವಿಗೆ ಬೇರೆ. ಆದುದರಿಂದ ಆರ್.ಒ. ಶುದ್ಧೀಕರಣದ ನೀರಿಗೆ ಅಕ್ವೇರಿಯಂನ ಉಪ್ಪಿನ ಮಿಶ್ರಣ ಕರಗಿಸುವುದೇ ಕ್ಷೇಮ. ಆರ್.ಒ. ನೀರಿನ ರಸಸಾರ 6ರ ಸಮೀಪ ತೋರಿಸಿತೆಂದು ಕೆಲವರು ಕಳವಳಗೊಳ್ಳುತ್ತಾರೆ. ಅದರಲ್ಲಿ ಲವಣವೂ ಇಲ್ಲ, ಕ್ಷಾರತೆಯೂ ಇಲ್ಲ; ಆ ಅಂಕಿಗೆ ತೂಕವಿಲ್ಲ. ಉಪ್ಪು ಕರಗಿಸಿ ಒಂದು ದಿನ ಗುಳ್ಳೆ ಹಾಯಿಸಿದ ಮೇಲೆ ಅಳೆದ ಅಂಕಿಯೇ ಲೆಕ್ಕಕ್ಕೆ.

ಉಪ್ಪಿನ ಬೆಲೆ ಕಂಡವರಿಗೆ ಹೊಳೆಯುವ ಯೋಚನೆಯೊಂದಿದೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವ ಲಾರಿಯಲ್ಲಿ ನಾಲ್ಕು ಡ್ರಮ್ ಸಮುದ್ರದ ನೀರು ಏಕೆ ತರಿಸಬಾರದು? ತರಿಸಬಹುದು, ಆದರೆ ಕಾಲ ಮತ್ತು ಸ್ಥಳ ನೋಡಬೇಕು. ನೇತ್ರಾವತಿ ಮತ್ತು ಗುರುಪುರ ನದಿಗಳು ಮಂಗಳೂರಿನಲ್ಲಿ ಒಂದೇ ಅಳಿವೆಯ ಮೂಲಕ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಆ ತೀರದ ನೀರಿನ ಉಪ್ಪೂ ಕ್ಷಾರತೆಯೂ ತಗ್ಗಿರುತ್ತವೆ. ಅದೇ ಕಾಲದಲ್ಲಿ ಕೇರಳದಿಂದ ಕಾರವಾರದವರೆಗಿನ ಕರಾವಳಿಯಲ್ಲಿ ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು, ರಸಸಾರವೂ ಕಡಿಮೆ. ಮಳೆ ಮುಗಿದು ಕಡಲು ತಿಳಿಯಾದ ಮೇಲೆ, ಅಳಿವೆಗಳಿಂದ ದೂರದಲ್ಲಿ ತುಂಬಿಸಿದ ನೀರೇ ಯೋಗ್ಯ. ಮುಚ್ಚಿದ ಡ್ರಮ್ಮಿನಲ್ಲಿ ದಿನಗಟ್ಟಲೆ ಇಟ್ಟರೆ ಅದರೊಳಗಿನ ಸೂಕ್ಷ್ಮಜೀವಿಗಳು ಸತ್ತು ಕೊಳೆತು ಅಲ್ಲಿಯೂ ರಸಸಾರ ಇಳಿಯುತ್ತದೆ. ಸಾಗಣೆ ವೆಚ್ಚ ಕಳೆದರೆ ಉಳಿತಾಯ ಎಷ್ಟೆಂದು ಪ್ರತಿಯೊಬ್ಬರೂ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಕಲ್ಲು, ಕಾನೂನು ಮತ್ತು ಸಿಮೆಂಟು

ರಾಜ್ಯಕ್ಕೂ ಹವಳಕ್ಕೂ ಸಂಬಂಧವಿಲ್ಲವೆಂದು ಭಾವಿಸಬೇಕಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಲಕ್ಷದ್ವೀಪದ ಅಮಿನಿದಿವಿ ಗುಂಪಿನ ಹವಳ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು.

ಆದರೆ ಇಲ್ಲಿ ವರ್ತಕರು ಬಹಳ ಎಚ್ಚರದಿಂದಿರಬೇಕು. ಕಲ್ಲಿನಂಥ ಗೂಡು ಕಟ್ಟುವ ಎಲ್ಲ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಇವೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೆಯ ಅನುಸೂಚಿಗೆ ಸೇರಿದವು. ಅದೇ ವರ್ಷ ಕಡಲ್ಗುದುರೆಯೂ ಸೇರಿತು. ಹುಲಿಗೆ ಇರುವ ಕಾನೂನಿನ ರಕ್ಷಣೆಯೇ ಇವಕ್ಕೂ ಇದೆ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಒಂದನೆಯ ಅನುಸೂಚಿಯ ಜೀವಿಗಳ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25,000 ರೂ. ದಂಡವಿದೆ. ಸತ್ತ ಹವಳದ ತುಂಡೂ ಈ ವ್ಯಾಪ್ತಿಗೆ ಬರುತ್ತದೆ. ‘ಇದರಿಂದ ರಸಸಾರ ನಿಲ್ಲುತ್ತದೆ’ ಎಂದು ಹೇಳಿ ಹವಳದ ಕಲ್ಲನ್ನು ರಸೀತಿಯಿಲ್ಲದೆ ಮಾರಲು ಬಂದವರನ್ನು ಬಾಗಿಲಿನಿಂದಲೇ ಕಳುಹಿಸಬೇಕು. ಅವರ ಮಾತು ರಸಾಯನದ ದೃಷ್ಟಿಯಿಂದಲೂ ಪೂರ್ತಿ ನಿಜವಲ್ಲ: ರಸಸಾರ 8ರ ಮೇಲಿರುವ ಕಡಲ ನೀರಿನಲ್ಲಿ ಆ ಕಲ್ಲು ಕರಗುವುದೇ ಇಲ್ಲ. ಮೀನುಗಳಲ್ಲಿ, ಹ್ಯಾಚರಿಯಲ್ಲಿ ಮರಿ ಮಾಡಿಸಿದ ಕ್ಲೌನ್ ಮೀನು ಉತ್ತಮ ಆಯ್ಕೆ. ಅದರ ತಳಿ ಬೆಳೆಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ.

ಹವಳದ ಕಲ್ಲಿಗೆ ಬದಲಾಗಿ ಸಿಮೆಂಟಿನಿಂದ ಮಾಡಿದ ಕೃತಕ ಕಲ್ಲು ಬಳಕೆಗೆ ಬಂದಿರುವುದು ಸಣ್ಣ ತಯಾರಕರು ಗಮನಿಸಬೇಕಾದ ಸಂಗತಿ. ಸಿಮೆಂಟು ಇಟ್ಟಿಗೆ ಅಚ್ಚು ಹಾಕುವ ಘಟಕಕ್ಕೆ ಇದು ಕಷ್ಟದ ಕೆಲಸವಲ್ಲ. ಆದರೆ ಹೊಸ ಸಿಮೆಂಟಿನಿಂದ ಸುಣ್ಣ ಒಸರುತ್ತಲೇ ಇರುವುದರಿಂದ ಅದು ತೊಟ್ಟಿಯ ರಸಸಾರವನ್ನು 9ರ ಮೇಲಕ್ಕೆ ಒಯ್ಯಬಲ್ಲದು. ಕಲ್ಲನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತ, ಕೊನೆಗೆ ಹೊಸ ನೀರಿನಲ್ಲಿ ಕೆಲವು ದಿನ ಇಟ್ಟರೂ ರಸಸಾರ ಏರುವುದಿಲ್ಲವೆಂದು ಖಚಿತವಾದ ಮೇಲೆಯೇ ಮಾರಾಟ ಮಾಡಬೇಕು. ಅವಸರದಲ್ಲಿ ಮಾರಿದ ಒಂದು ಗಾಡಿ ಕಲ್ಲು ಗ್ರಾಹಕರ ಮೀನನ್ನೂ ತಯಾರಕರ ಹೆಸರನ್ನೂ ಒಟ್ಟಿಗೇ ಕೊಂಡೊಯ್ದೀತು.

ಅಳತೆ ಮತ್ತು ದಾಖಲೆ

ಪೆನ್ನಿನಂಥ ಅಗ್ಗದ ಮೀಟರುಗಳನ್ನು 7 ಮತ್ತು 10ರ ಪ್ರಮಾಣ ದ್ರಾವಣಗಳಲ್ಲಿ ಆಗಾಗ ಹೊಂದಿಸದೆ ನಂಬಬಾರದು. ತೂಕದ ಯಂತ್ರಕ್ಕೆ ಮುದ್ರೆ ಹಾಕಿಸುವ ವರ್ತಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೀಟರಿನ ತುದಿ ಒಣಗಿದರೆ ಅಂಕಿ ಸುಳ್ಳಾಗುತ್ತದೆ. ಬೆಳಗ್ಗೆ ದೀಪ ಹತ್ತುವ ಮುನ್ನ ಒಮ್ಮೆ, ಸಂಜೆ ದೀಪ ಆರುವ ಮುನ್ನ ಒಮ್ಮೆ ರಸಸಾರ. ವಾರಕ್ಕೆರಡು ಬಾರಿ ಕ್ಷಾರತೆ. ಅಂದು ಕಿಟಕಿ ತೆರೆದಿತ್ತೇ ಮುಚ್ಚಿತ್ತೇ ಎಂಬುದು. ಒಂದು ಹಳೆಯ ರೋಜು ಪುಸ್ತಕದಲ್ಲಿ ಇಷ್ಟನ್ನು ಒಂದು ತಿಂಗಳು ಬರೆದರೆ ಕಾರಣ ತಾನಾಗಿಯೇ ಪುಟದ ಮೇಲೆ ಕಾಣುತ್ತದೆ.

ಶಾಂತಿಗ್ರಾಮದ ಉದಾಹರಣೆಗೆ ಮರಳಿದರೆ, ಆ ವರ್ತಕರು ಮಾಡಬೇಕಾದುದು ಬಾಟಲಿಯನ್ನು ಬದಿಗಿಟ್ಟು, ಸ್ಕಿಮ್ಮರ್ ಯಂತ್ರ ಗಾಳಿ ಎಳೆದುಕೊಳ್ಳುವ ಕೊಳವೆಗೆ ಕೆಲವು ಮೀಟರ್ ಪ್ಲಾಸ್ಟಿಕ್ ಕೊಳವೆ ಜೋಡಿಸಿ ಕಿಟಕಿಯ ಚೌಕಟ್ಟಿನ ರಂಧ್ರದಿಂದ ಹೊರಕ್ಕೆ ಬಿಡುವುದು. ಕೊಳವೆಯ ತುದಿ ಹೆದ್ದಾರಿಯ ಕಡೆಗೆ ಇದ್ದರೆ ಲಾರಿಗಳ ಹೊಗೆಯೇ ಒಳಗೆ ಬರುತ್ತದೆ. ಹಿತ್ತಿಲ ಕಡೆಗೆ, ಆದರೆ ನೀರು ಕಾಯಿಸುವ ಹಂಡೆಯ ಒಲೆಯಿಂದ ದೂರಕ್ಕೆ, ಮಳೆ ನೀರು ಹೋಗದಂತೆ ಕೆಳಮುಖವಾಗಿ ಇರಬೇಕು. ಏರಿಹೋದ ಕ್ಷಾರತೆಯನ್ನು ಇಳಿಸಲು ಆಮ್ಲ ಹಾಕುವುದು ಬೇಡ. ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ಬದಲಿಸುತ್ತ ಬಂದರೆ ಅದು ತಾನಾಗಿಯೇ ಕೆಳಗಿಳಿಯುತ್ತದೆ. ಪಂಪಿನ ಮೇಲಿನ ಬಿಳಿಯ ಪದರವನ್ನು, ಪಂಪನ್ನು ಹೊರತೆಗೆದು, ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯಬಹುದು.